ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಟೈಪ್‌ಗಳು ಮತ್ತು ಆಬ್ಜೆಕ್ಟ್ ಓರಿಯೆಂಟೆಡ್ ಕ್ಲಾಸ್, ಇಂಟರ್‌ಫೇಸ್‌ಗಳು

ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಟೈಪ್‌ಗಳು ಹಾಗೂ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ಕ್ಲಾಸ್ ಮತ್ತು ಇಂಟರ್‌ಫೇಸ್‌ಗಳು, ದತ್ತಾಂಶದ ರೂಪವನ್ನೂ ಅದರ ಮೇಲೆ ನಡೆಯಬಹುದಾದ ಕ್ರಿಯೆಗಳನ್ನೂ ಗಣಕ ಪ್ರೋಗ್ರಾಮಿನಲ್ಲಿ ನಿರೂಪಿಸುವ ಎರಡು ಭಿನ್ನ ವಿಧಾನಗಳು. ಹ್ಯಾಸ್ಕೆಲ್, ಒಕ್ಯಾಮಲ್, ಎಫ್ ಶಾರ್ಪ್ ಮುಂತಾದ ಭಾಷೆಗಳು ಮೊದಲನೆಯ ವಿಧಾನವನ್ನು ಮುಖ್ಯವಾಗಿ ಬಳಸುತ್ತವೆ. ಜಾವಾ, ಸಿ ಪ್ಲಸ್ ಪ್ಲಸ್, ಸಿ ಶಾರ್ಪ್ ಭಾಷೆಗಳು ಎರಡನೆಯದರ ಮೇಲೆ ಬೆಳೆದಿವೆ. ಸ್ಕಾಲಾ, ಕಾಟ್ಲಿನ್, ಸ್ವಿಫ್ಟ್, ರಸ್ಟ್ ಭಾಷೆಗಳಲ್ಲಿ ಎರಡರ ಅಂಶಗಳೂ ಇವೆ.

ಜಾವಾ ಅಥವಾ ಸಿ ಪ್ಲಸ್ ಪ್ಲಸ್ ಕಲಿತು ಫಂಕ್ಷನಲ್ ಭಾಷೆಗೆ ಬರುವ ವಿದ್ಯಾರ್ಥಿಯು ಮೊದಲು ಕೇಳುವ ವಿವರಣೆ "ಟೈಪ್ ಎಂದರೆ ಇಲ್ಲಿಯ ಕ್ಲಾಸ್" ಎಂಬುದಾಗಿರುತ್ತದೆ. ಈ ವಿವರಣೆ ಸ್ವಲ್ಪ ದೂರದವರೆಗೆ ಮಾತ್ರ ಸರಿ. ಜಾವಾದ ಒಂದು ಕ್ಲಾಸ್ ಏಕಕಾಲದಲ್ಲಿ ಹಲವು ಕೆಲಸಗಳನ್ನು ಮಾಡುತ್ತದೆ. ಅದು ದತ್ತಾಂಶದ ಆಕೃತಿಯನ್ನು ಹೇಳುತ್ತದೆ, ಒಂದು ಟೈಪಿಗೆ ಹೆಸರಿಡುತ್ತದೆ, ಒಳವಿವರಗಳನ್ನು ಹೊರಗಿನವರಿಂದ ಮರೆಮಾಡುತ್ತದೆ, ಕ್ರಿಯೆಗಳನ್ನು ದತ್ತಾಂಶಕ್ಕೆ ಜೋಡಿಸುತ್ತದೆ, ಜೊತೆಗೆ ಆನುವಂಶಿಕತೆಯ ವೃಕ್ಷದಲ್ಲಿ ಒಂದು ಸ್ಥಾನವನ್ನೂ ಪಡೆಯುತ್ತದೆ. ಫಂಕ್ಷನಲ್ ಭಾಷೆಗಳಲ್ಲಿ ಈ ಕೆಲಸಗಳು ಬೇರೆ ಬೇರೆ ಸಾಧನಗಳಿಗೆ ಹಂಚಿಹೋಗಿವೆ. ಆಕೃತಿ ಟೈಪಿನದು, ಮರೆಮಾಡುವುದು ಮಾಡ್ಯೂಲಿನದು, ಕ್ರಿಯೆ ಫಂಕ್ಷನ್ನಿನದು, ಹಲವು ಟೈಪುಗಳಿಗೆ ಸಮಾನವಾದ ವರ್ತನೆ ಟೈಪ್‌ಕ್ಲಾಸಿನದು. ಆದ್ದರಿಂದ ಹೋಲಿಕೆಯನ್ನು ಪದಕ್ಕೆ ಪದ ಇಟ್ಟು ಮಾಡಲಾಗದು, ಕೆಲಸಕ್ಕೆ ಕೆಲಸ ಇಟ್ಟು ಮಾಡಬೇಕಾಗುತ್ತದೆ.

ಉದಾಹರಣೆಯ ಹಿನ್ನೆಲೆ

ಈ ಲೇಖನದಲ್ಲಿ ಪಹಣಿಯ ಉದಾಹರಣೆಯನ್ನು ಬಳಸಲಾಗಿದೆ. ಕರ್ನಾಟಕದಲ್ಲಿ ಗ್ರಾಮಮಟ್ಟದಲ್ಲಿ ಕೈಬರಹದಲ್ಲಿದ್ದ ಪಹಣಿ ದಾಖಲೆಗಳನ್ನು 'ಭೂಮಿ' ಯೋಜನೆಯ ಮೂಲಕ 2000ದ ಆಸುಪಾಸಿನಲ್ಲಿ ಗಣಕಕ್ಕೆ ತರಲಾಯಿತು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿತು. ಪಹಣಿಯಲ್ಲಿ ಜಮೀನನ್ನು ಖುಷ್ಕಿ, ತರಿ, ಬಾಗಾಯತು ಎಂದು ವಿಂಗಡಿಸುವ ರೂಢಿಯಿದೆ. ಖುಷ್ಕಿ ಎಂದರೆ ಮಳೆಯನ್ನೇ ನಂಬಿದ ಭೂಮಿ, ತರಿ ಎಂದರೆ ನೀರಾವರಿಯುಳ್ಳದ್ದು, ಬಾಗಾಯತು ಎಂದರೆ ತೋಟದ ಭೂಮಿ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಮಳೆಯಾಶ್ರಿತ ಎರೆ ಭೂಮಿಯ ಮೇಲೆ ತೊಗರಿ ಬೆಳೆಯುತ್ತದೆ. ಈ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅಫಜಲಪುರದ ಭೀಮಾ ತೀರದಲ್ಲಿ ನೀರಾವರಿಯ ಕಬ್ಬು ಉಂಟು. ಹೀಗೆ ಒಂದೇ ತಾಲ್ಲೂಕಿನ ದಾಖಲೆಗಳಲ್ಲಿ ಬೇರೆ ಬೇರೆ ಬಗೆಯ ಜಮೀನುಗಳು ಬರುತ್ತವೆ, ಪ್ರತಿಯೊಂದು ಬಗೆಗೂ ಬರೆಯಬೇಕಾದ ವಿವರಗಳು ಬೇರೆ.

ಮುಂದೆ ಬರುವ ಮಾದರಿಯು ವಿವರಣೆಗಾಗಿ ಸರಳಗೊಳಿಸಿದ್ದು. 'ಭೂಮಿ' ತಂತ್ರಾಂಶದ ಒಳರಚನೆ ಇದಲ್ಲ. ಬಳಸಿದ ಬರವಣಿಗೆಯೂ ಯಾವುದೇ ಒಂದು ಭಾಷೆಯ ನಿಖರ ವ್ಯಾಕರಣವನ್ನು ಅನುಸರಿಸುವುದಿಲ್ಲ.

ಬೀಜಗಣಿತೀಯ ಟೈಪ್‌ಗಳು

ಫಂಕ್ಷನಲ್ ಭಾಷೆಯಲ್ಲಿ ಮೇಲಿನ ವಿಂಗಡಣೆಯನ್ನು ಹೀಗೆ ಬರೆಯಬಹುದು:

ಟೈಪ್ ಜಮೀನು =
    ಖುಷ್ಕಿ (ವಿಸ್ತೀರ್ಣ)
  | ತರಿ (ವಿಸ್ತೀರ್ಣ, ನೀರಿನಮೂಲ)
  | ಬಾಗಾಯತು (ವಿಸ್ತೀರ್ಣ, ನೀರಿನಮೂಲ, ಮರಗಳ ಪಟ್ಟಿ)

ಇಲ್ಲಿ ಎರಡು ಬಗೆಯ ಜೋಡಣೆಗಳಿವೆ. ಆವರಣದೊಳಗಿನ ಅಲ್ಪವಿರಾಮಕ್ಕೆ "ಇದೂ, ಅದೂ" ಎಂಬ ಅರ್ಥ. ಬೇರ್ಪಡಿಸುವ ನಿಲುಗೆರೆಗೆ "ಇದು ಇಲ್ಲವೇ ಅದು" ಎಂಬ ಅರ್ಥ. ಮೊದಲನೆಯದನ್ನು ಗುಣಲಬ್ಧ ಟೈಪ್ ಎಂದೂ ಎರಡನೆಯದನ್ನು ಮೊತ್ತ ಟೈಪ್ ಎಂದೂ ಕರೆಯುತ್ತಾರೆ. ಹೆಸರಿನ ಕಾರಣ ಎಣಿಕೆಯಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿ ಎಂಬ 3 ಬೆಲೆಗಳ ಒಂದು ಟೈಪ್, ಮುಂಗಾರು, ಹಿಂಗಾರು ಎಂಬ 2 ಬೆಲೆಗಳ ಇನ್ನೊಂದು ಟೈಪ್ ಇವೆ ಎಂದುಕೊಳ್ಳೋಣ. ತಾಲ್ಲೂಕನ್ನೂ ಹಂಗಾಮನ್ನೂ ಜೊತೆಯಾಗಿ ಹಿಡಿದಿಡುವ ಟೈಪಿನಲ್ಲಿ 3 × 2 = 6 ಬೆಲೆಗಳು ಸಾಧ್ಯ. ತಾಲ್ಲೂಕನ್ನು ಇಲ್ಲವೇ ಹಂಗಾಮನ್ನು ಹಿಡಿದಿಡುವ ಟೈಪಿನಲ್ಲಿ 3 + 2 = 5 ಬೆಲೆಗಳು ಸಾಧ್ಯ. ಹಂಗಾಮನ್ನು ಕೊಟ್ಟರೆ ತಾಲ್ಲೂಕನ್ನು ಹಿಂದಿರುಗಿಸುವ ಫಂಕ್ಷನ್‌ಗಳನ್ನು ಎಣಿಸಿದರೆ 3ರ ವರ್ಗ, ಅಂದರೆ 9 ದೊರೆಯುತ್ತವೆ. ಕೂಡಿಸುವುದು, ಗುಣಿಸುವುದು, ಘಾತ ಮೂರೂ ಬರುವುದರಿಂದ ಇವುಗಳಿಗೆ ಬೀಜಗಣಿತೀಯ ಟೈಪ್‌ಗಳೆಂಬ ಹೆಸರು ಒಪ್ಪುತ್ತದೆ.

ಗುಣಲಬ್ಧ ಟೈಪಿಗೆ ಸಮನಾದದ್ದು ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಕೆಲವು ಫೀಲ್ಡ್‌ಗಳಿರುವ, ಹೆಚ್ಚಿನ ವರ್ತನೆಯಿಲ್ಲದ ಕ್ಲಾಸೇ ಅದು. ಜಾವಾ 16ನೇ ಆವೃತ್ತಿಯಲ್ಲಿ, 2021ರಲ್ಲಿ, ಇಂತಹ ಕ್ಲಾಸ್‌ಗಳಿಗಾಗಿಯೇ ರೆಕಾರ್ಡ್ ಎಂಬ ರಚನೆ ಸ್ಥಿರವಾಯಿತು. ಮೊತ್ತ ಟೈಪಿನ ವಿಷಯ ಹಾಗಲ್ಲ. ಹಳೆಯ ಜಾವಾದಲ್ಲಿ 'ಜಮೀನು' ಎಂಬ ಅಮೂರ್ತ ಕ್ಲಾಸ್ ಬರೆದು ಅದರಿಂದ ಖುಷ್ಕಿ, ತರಿ, ಬಾಗಾಯತು ಎಂಬ 3 ಉಪಕ್ಲಾಸ್‌ಗಳನ್ನು ಪಡೆಯುವುದೇ ಹತ್ತಿರದ ಮಾರ್ಗವಾಗಿತ್ತು. ಆದರೆ ಆ ವೃಕ್ಷವು ತೆರೆದಿರುತ್ತದೆ: ಯಾರು ಬೇಕಾದರೂ ನಾಲ್ಕನೆಯ ಉಪಕ್ಲಾಸನ್ನು ಬೇರೊಂದು ಕಡತದಲ್ಲಿ ಸೇರಿಸಬಹುದು, ಇಷ್ಟೇ ಬಗೆಗಳಿವೆ ಎಂದು ಕಂಪೈಲರ್ ಎಂದಿಗೂ ನಂಬುವಂತಿಲ್ಲ. ಸ್ಕಾಲಾದ ಸೀಲ್ಡ್ ಟ್ರೇಟ್, ಕಾಟ್ಲಿನ್‌ನ ಸೀಲ್ಡ್ ಕ್ಲಾಸ್, ಜಾವಾ 17ರ ಸೀಲ್ಡ್ ಇಂಟರ್‌ಫೇಸ್ ಈ ಕೊರತೆಯನ್ನು ತುಂಬಿದವು. ಉಪಕ್ಲಾಸ್‌ಗಳ ಪಟ್ಟಿಯನ್ನು ಮುಚ್ಚಿಬಿಟ್ಟ ವೃಕ್ಷವೇ ಮೊತ್ತ ಟೈಪಿನ ನಿಜವಾದ ಸಮಾನಾಂತರ.

ಒಂದು ಸೂಕ್ಷ್ಮ ವ್ಯತ್ಯಾಸ ಆಗಲೂ ಉಳಿಯುತ್ತದೆ. ಹ್ಯಾಸ್ಕೆಲ್‌ನಲ್ಲಿ ಟೈಪ್ ಆಗಿರುವುದು 'ಜಮೀನು' ಮಾತ್ರ. 'ಖುಷ್ಕಿ' ಟೈಪ್ ಅಲ್ಲ, ಜಮೀನು ಎಂಬ ಟೈಪಿನ ಬೆಲೆಯನ್ನು ಕಟ್ಟುವ ಕನ್‌ಸ್ಟ್ರಕ್ಟರ್. ಆದ್ದರಿಂದ "ಖುಷ್ಕಿಯನ್ನು ಮಾತ್ರ ಸ್ವೀಕರಿಸುವ ಫಂಕ್ಷನ್" ಎಂದು ನೇರವಾಗಿ ಬರೆಯಲಾಗದು. ಬೇಕಿದ್ದರೆ ಖುಷ್ಕಿಯ ವಿವರಗಳಿಗೆ ಪ್ರತ್ಯೇಕ ಟೈಪ್ ಮಾಡಿಕೊಳ್ಳಬೇಕು. ಜಾವಾ ಹಾಗೂ ಸ್ಕಾಲಾದಲ್ಲಿ ಖುಷ್ಕಿಯು ಸ್ವತಃ ಒಂದು ಕ್ಲಾಸ್, ಹಾಗಾಗಿ ಅದನ್ನು ಟೈಪ್ ಆಗಿ ಬಳಸಬಹುದು. ಪರೀಕ್ಷೆಯ ಉತ್ತರಗಳಲ್ಲಿ ಈ ಎರಡನ್ನು ಬೆರೆಸುವುದು ಸಾಮಾನ್ಯ ತಪ್ಪು.

ಬೆಲೆ ಇರಬಹುದು, ಇಲ್ಲದಿರಬಹುದು ಎಂಬುದಕ್ಕೂ ಮೊತ್ತ ಟೈಪೇ ಸಾಕು. ಒಂದು ಜಮೀನಿನ ಮೇಲೆ ಸಾಲದ ನಮೂದು ಇರಬಹುದು, ಇಲ್ಲದಿರಬಹುದು. ಹ್ಯಾಸ್ಕೆಲ್‌ನ ಮೇಬಿ, ಒಕ್ಯಾಮಲ್ ಮತ್ತು ರಸ್ಟ್‌ನ ಆಪ್ಷನ್ ಟೈಪ್‌ಗಳು "ಇಲ್ಲ" ಎಂಬುದನ್ನು ಒಂದು ಪ್ರಕರಣವಾಗಿ ಬರೆಯುತ್ತವೆ. ಅದನ್ನು ಪರಿಶೀಲಿಸದೆ ಒಳಗಿನ ಬೆಲೆಯನ್ನು ತೆಗೆಯಲು ಸಹಜ ಮಾರ್ಗದಲ್ಲಿ ಸಾಧ್ಯವಿಲ್ಲ. ಜಾವಾದಲ್ಲಿ ಇದೇ ಸ್ಥಾನದಲ್ಲಿ ನಲ್ ಇದೆ. ನಲ್ ಉಲ್ಲೇಖವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ ರೂಪಿಸಿದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪೆಂದು ಬಣ್ಣಿಸಿದರು.

ಮರೆಮಾಡುವಿಕೆ: ಎಕರೆ ಮತ್ತು ಗುಂಟೆ

40 ಗುಂಟೆಗೆ 1 ಎಕರೆ. ವಿಸ್ತೀರ್ಣವನ್ನು ಎಕರೆ, ಗುಂಟೆ ಎಂಬ ಎರಡು ಸಂಖ್ಯೆಗಳಲ್ಲಿ ಇಟ್ಟುಕೊಂಡರೆ ಗುಂಟೆಯು ಯಾವಾಗಲೂ 40ಕ್ಕಿಂತ ಕಡಿಮೆ ಇರಬೇಕೆಂಬ ನಿಯಮವನ್ನು ಯಾರಾದರೂ ಕಾಯಬೇಕು. 1 ಎಕರೆ 25 ಗುಂಟೆಗೆ 2 ಎಕರೆ 30 ಗುಂಟೆ ಸೇರಿದರೆ ಉತ್ತರ 4 ಎಕರೆ 15 ಗುಂಟೆ ಆಗಬೇಕು, 3 ಎಕರೆ 55 ಗುಂಟೆ ಎಂದು ಅಚ್ಚಾಗಬಾರದು.

ಜಾವಾದಲ್ಲಿ ಈ ಕಾವಲು ಕ್ಲಾಸಿನದು. ಫೀಲ್ಡ್‌ಗಳನ್ನು ಖಾಸಗಿಯಾಗಿಟ್ಟು ಕನ್‌ಸ್ಟ್ರಕ್ಟರಿನಲ್ಲಿ ಪರಿಶೀಲನೆ ಮಾಡಲಾಗುತ್ತದೆ. ಹ್ಯಾಸ್ಕೆಲ್ ಅಥವಾ ಒಕ್ಯಾಮಲ್‌ನಲ್ಲಿ ಕಾವಲು ಮಾಡ್ಯೂಲಿನದು. ಟೈಪಿನ ಹೆಸರನ್ನು ಹೊರಗೆ ಕೊಟ್ಟು, ಅದನ್ನು ಕಟ್ಟುವ ಕನ್‌ಸ್ಟ್ರಕ್ಟರನ್ನು ಒಳಗೇ ಇಟ್ಟುಕೊಂಡು, ಪರಿಶೀಲಿಸಿ ಕಟ್ಟಿಕೊಡುವ ಒಂದು ಫಂಕ್ಷನನ್ನು ಮಾತ್ರ ಹೊರಗೆ ಬಿಡಲಾಗುತ್ತದೆ. ಪರಿಣಾಮ ಎರಡರಲ್ಲೂ ಒಂದೇ. ಒಳವಿವರ ಅಡಗಿಸುವುದು ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯ ಸ್ವತ್ತು ಎಂಬ ಪಠ್ಯಪುಸ್ತಕದ ಹೇಳಿಕೆ ಇದರಿಂದ ಸಡಿಲವಾಗುತ್ತದೆ.

ಎರಡರ ನಡುವಿನ ವ್ಯತ್ಯಾಸ ಕಾಣುವುದು ಇಂಟರ್‌ಫೇಸ್ ಬಂದಾಗ. 'ವಿಸ್ತೀರ್ಣ' ಎಂಬುದು ಇಂಟರ್‌ಫೇಸ್ ಆಗಿದ್ದು, ಒಂದು ಕ್ಲಾಸ್ ಎಕರೆ-ಗುಂಟೆಯಲ್ಲೂ ಇನ್ನೊಂದು ಹೆಕ್ಟೇರಿನಲ್ಲೂ ಅದನ್ನು ಜಾರಿಗೊಳಿಸಿದ್ದರೆ, ಕೂಡಿಸುವ ಮೆಥಡ್‌ಗೆ ತನ್ನ ಒಳಗು ಗೊತ್ತು, ಎದುರಿಗೆ ಬಂದ ವಸ್ತುವಿನ ಒಳಗು ಗೊತ್ತಿಲ್ಲ. ಇಂಟರ್‌ಫೇಸ್ ಹೊರಗೆಡಹಿದ ಮೆಥಡ್‌ಗಳ ಮೂಲಕವೇ ಅದು ಕೇಳಿ ತಿಳಿಯಬೇಕು. ಮಾಡ್ಯೂಲಿನೊಳಗೆ ಅಡಗಿದ ಟೈಪಿನಲ್ಲಿ ಕೂಡಿಸುವ ಫಂಕ್ಷನ್ನಿಗೆ ಎರಡೂ ಬೆಲೆಗಳ ಒಳಗು ಕಾಣುತ್ತದೆ. ಪ್ರತಿಯಾಗಿ, ಎರಡು ಬೇರೆ ನಿರೂಪಣೆಗಳು ಒಟ್ಟಿಗೆ ಬದುಕಲು ಅಲ್ಲಿ ಅವಕಾಶವಿಲ್ಲ. ಈ ಭೇದವನ್ನು ಜಾನ್ ರೆನಾಲ್ಡ್ಸ್ 1975ರಲ್ಲಿಯೇ ಗುರುತಿಸಿದ್ದರು. ವಿಲಿಯಂ ಕುಕ್ 2009ರ ಪ್ರಬಂಧವೊಂದರಲ್ಲಿ ಅದನ್ನು ವಿಸ್ತರಿಸಿದರು. ಕುಕ್ ಅವರ ವಾದದಂತೆ, ಜಾವಾದ ಕ್ಲಾಸನ್ನು ಟೈಪ್ ಆಗಿ ಬಳಸಿದಾಗ ಅದು ಮಾಡ್ಯೂಲಿನ ಅಡಗಿದ ಟೈಪಿನಂತೆಯೇ ವರ್ತಿಸುತ್ತದೆ, ಏಕೆಂದರೆ ಒಂದೇ ಕ್ಲಾಸಿನ ಎರಡು ವಸ್ತುಗಳು ಪರಸ್ಪರರ ಖಾಸಗಿ ಫೀಲ್ಡ್‌ಗಳನ್ನು ನೋಡಬಲ್ಲವು. ಇಂಟರ್‌ಫೇಸನ್ನು ಟೈಪ್ ಆಗಿ ಬಳಸಿದಾಗ ಮಾತ್ರ ಅಪ್ಪಟ ವಸ್ತುವಿನ ಸ್ವಭಾವ ಬರುತ್ತದೆ. ಅಂದರೆ ಕ್ಲಾಸ್ ಮತ್ತು ಇಂಟರ್‌ಫೇಸ್‌ಗಳ ನಡುವಿನ ಗೆರೆಯು, ಫಂಕ್ಷನಲ್ ಮತ್ತು ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳ ನಡುವೆ ಎಳೆಯಲಾಗುವ ಗೆರೆಯಷ್ಟೇ ಮುಖ್ಯ.

ಫಂಕ್ಷನ್ ಟೈಪ್ ಮತ್ತು ಒಂದೇ ಮೆಥಡ್‌ನ ಇಂಟರ್‌ಫೇಸ್

ಫಂಕ್ಷನಲ್ ಭಾಷೆಗಳಲ್ಲಿ ಫಂಕ್ಷನ್ ಕೂಡ ಒಂದು ಬೆಲೆ, ಅದಕ್ಕೂ ಟೈಪ್ ಇದೆ. ಒಂದೇ ಮೆಥಡ್ ಇರುವ ಇಂಟರ್‌ಫೇಸ್ ಇದಕ್ಕೆ ಸಮ. ಮಾರುಕಟ್ಟೆಗೆ ಬಂದ ತೊಗರಿಯ ಪ್ರತಿ ಲಾಟಿನ ದರ ಬೆಂಬಲ ಬೆಲೆಗಿಂತ ಕಡಿಮೆಯೇ ಎಂದು ನೋಡುವ ಫಂಕ್ಷನ್ ಬೇಕೆನ್ನೋಣ. ಬೆಂಬಲ ಬೆಲೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಮೊದಲು ಬೆಂಬಲ ಬೆಲೆಯನ್ನು ಪಡೆದು ಆ ವರ್ಷಕ್ಕೆ ತಕ್ಕ ಫಂಕ್ಷನನ್ನು ಹಿಂದಿರುಗಿಸುವಂತೆ ಬರೆಯಬಹುದು. ಹಿಂದಿರುಗಿದ ಫಂಕ್ಷನ್ ತಾನು ಹಿಡಿದಿಟ್ಟ ಬೆಲೆಯನ್ನು ಮರೆಯುವುದಿಲ್ಲ. ಇದನ್ನು ಕ್ಲೋಷರ್ ಎನ್ನುತ್ತಾರೆ. ಆಬ್ಜೆಕ್ಟ್ ಓರಿಯೆಂಟೆಡ್ ಕಣ್ಣಿನಿಂದ ನೋಡಿದರೆ ಅದು 'ಬೆಂಬಲ ಬೆಲೆ' ಎಂಬ ಒಂದು ಖಾಸಗಿ ಫೀಲ್ಡ್ ಮತ್ತು ಒಂದು ಮೆಥಡ್ ಇರುವ ವಸ್ತು. 2014ರ ಜಾವಾ 8 ಈ ಸಮಾನತೆಯನ್ನೇ ಆಧರಿಸಿ ಲ್ಯಾಂಬ್ಡಾ ಬರವಣಿಗೆಯನ್ನು ತಂದಿತು: ಒಂದೇ ಅಮೂರ್ತ ಮೆಥಡ್ ಇರುವ ಯಾವುದೇ ಇಂಟರ್‌ಫೇಸಿನ ಜಾಗದಲ್ಲಿ ಲ್ಯಾಂಬ್ಡಾ ಇಡಬಹುದು. ಹಲವು ಮೆಥಡ್‌ಗಳಿರುವ ಇಂಟರ್‌ಫೇಸ್ ಹಲವು ಫಂಕ್ಷನ್‌ಗಳನ್ನು ಫೀಲ್ಡ್‌ಗಳಾಗಿ ಇಟ್ಟುಕೊಂಡ ರೆಕಾರ್ಡಿಗೆ ಸಮ.

ಟೈಪ್‌ಕ್ಲಾಸ್: ಹೆಸರು ಒಂದು, ಅರ್ಥ ಮತ್ತೊಂದು

ಹ್ಯಾಸ್ಕೆಲ್‌ನಲ್ಲಿಯೂ 'ಕ್ಲಾಸ್' ಎಂಬ ಪದವಿದೆ. ಜಾವಾದಿಂದ ಬಂದವರನ್ನು ಇದು ಬಹಳ ದಾರಿ ತಪ್ಪಿಸಿದೆ. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಪ್ರಕಟಿಸಿದ ಟೈಪ್‌ಕ್ಲಾಸ್ ಎಂಬ ಕಲ್ಪನೆಯು ಜಾವಾದ ಕ್ಲಾಸಿಗಿಂತ ಇಂಟರ್‌ಫೇಸಿಗೆ ಸಮೀಪವಾದದ್ದು. ಅದರಲ್ಲಿ ಫೀಲ್ಡ್‌ಗಳಿಲ್ಲ, ಅದರಿಂದ ವಸ್ತುಗಳು ಹುಟ್ಟುವುದಿಲ್ಲ. "ಈ ಟೈಪಿನ ಬೆಲೆಗಳನ್ನು ಹೋಲಿಸಬಹುದು", "ಈ ಟೈಪಿನ ಬೆಲೆಗಳನ್ನು ಪಠ್ಯವಾಗಿ ಮುದ್ರಿಸಬಹುದು" ಎಂಬಂತಹ ಸಾಮರ್ಥ್ಯಗಳನ್ನು ಅದು ಹೆಸರಿಸುತ್ತದೆ. ಜಾವಾದಲ್ಲಿ ಇನ್‌ಸ್ಟನ್ಸ್ ಎಂದರೆ ಒಂದು ವಸ್ತು. ಹ್ಯಾಸ್ಕೆಲ್‌ನಲ್ಲಿ ಇನ್‌ಸ್ಟನ್ಸ್ ಎಂದರೆ "ಇಂತಹ ಟೈಪ್ ಇಂತಹ ಸಾಮರ್ಥ್ಯವನ್ನು ಹೀಗೆ ಪೂರೈಸುತ್ತದೆ" ಎಂಬ ಘೋಷಣೆ.

ಇಂಟರ್‌ಫೇಸಿನಿಂದ ಟೈಪ್‌ಕ್ಲಾಸ್ ಬೇರೆಯಾಗುವ ಕಡೆಗಳು ಹಲವು. ಜಾವಾದ ಕ್ಲಾಸ್ ತಾನು ಯಾವ ಇಂಟರ್‌ಫೇಸುಗಳನ್ನು ಪೂರೈಸುತ್ತದೆಂದು ತನ್ನ ಘೋಷಣೆಯಲ್ಲಿಯೇ ಹೇಳಬೇಕು. ಬೇರೆಯವರು ಬರೆದ ಕ್ಲಾಸಿಗೆ ನಂತರ ಹೊಸ ಇಂಟರ್‌ಫೇಸ್ ತೊಡಿಸಲಾಗದು. ಟೈಪ್‌ಕ್ಲಾಸಿನ ಇನ್‌ಸ್ಟನ್ಸನ್ನು ಟೈಪ್ ಹುಟ್ಟಿ ವರ್ಷಗಳಾದ ಮೇಲೆಯೂ ಬರೆಯಬಹುದು. ರಸ್ಟ್‌ನ ಟ್ರೇಟ್‌ಗಳಲ್ಲಿಯೂ ಇದು ಸಾಧ್ಯ, ಆದರೆ ಟ್ರೇಟ್ ಅಥವಾ ಟೈಪ್ ಎರಡರಲ್ಲೊಂದು ನಮ್ಮದೇ ಆಗಿರಬೇಕೆಂಬ ನಿರ್ಬಂಧವಿದೆ.

ಎರಡನೆಯದಾಗಿ, ಹಿಂದಿರುಗಬೇಕಾದ ಟೈಪನ್ನು ನೋಡಿಯೂ ಟೈಪ್‌ಕ್ಲಾಸ್ ಕೆಲಸ ಮಾಡುತ್ತದೆ. "ಈ ಪಠ್ಯವನ್ನು ಓದಿ ಬೆಲೆಯಾಗಿ ಕೊಡು" ಎಂಬ ಫಂಕ್ಷನ್ನಿಗೆ ಕೈಯಲ್ಲಿ ಇನ್ನೂ ಯಾವ ಬೆಲೆಯೂ ಇರುವುದಿಲ್ಲ. ವಿಸ್ತೀರ್ಣ ಬೇಕಾದ ಕಡೆ ವಿಸ್ತೀರ್ಣವನ್ನೂ ದಿನಾಂಕ ಬೇಕಾದ ಕಡೆ ದಿನಾಂಕವನ್ನೂ ಓದಬೇಕೆಂದು ಕಂಪೈಲರ್ ತಾನೇ ನಿರ್ಧರಿಸುತ್ತದೆ. ಮೆಥಡನ್ನು ಕರೆಯಲು ಮೊದಲು ವಸ್ತು ಇರಲೇಬೇಕಾದ ಭಾಷೆಯಲ್ಲಿ ಇದಕ್ಕೆ ನೇರ ಸಮಾನವಿಲ್ಲ, ಫ್ಯಾಕ್ಟರಿ ಎಂಬ ಮತ್ತೊಂದು ವಸ್ತುವನ್ನು ಸೃಷ್ಟಿಸಿಕೊಳ್ಳಬೇಕಾಗುತ್ತದೆ. ಸಮಾನತೆಯ ಪರೀಕ್ಷೆಯಲ್ಲಿಯೂ ಭೇದವಿದೆ. ಹ್ಯಾಸ್ಕೆಲ್‌ನಲ್ಲಿ ಎರಡು ಕಡೆಯೂ ಒಂದೇ ಟೈಪ್ ಇರಬೇಕು. ಜಾವಾದ ಈಕ್ವಲ್ಸ್ ಮೆಥಡ್ ಯಾವ ವಸ್ತುವನ್ನಾದರೂ ಸ್ವೀಕರಿಸುತ್ತದೆ, ಆದ್ದರಿಂದ ಜಮೀನನ್ನು ದಿನಾಂಕದೊಂದಿಗೆ ಹೋಲಿಸುವ ಸಾಲೂ ಕಂಪೈಲ್ ಆಗಿಬಿಡುತ್ತದೆ.

ಇಂಟರ್‌ಫೇಸಿಗೂ ಅನುಕೂಲಗಳಿವೆ. ಬೇರೆ ಬೇರೆ ಕ್ಲಾಸಿನ ವಸ್ತುಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಎಲ್ಲಕ್ಕೂ ಒಂದೇ ಮೆಥಡನ್ನು ಕರೆಯುವುದು ಜಾವಾದಲ್ಲಿ ದಿನನಿತ್ಯದ ಸಂಗತಿ. ಹ್ಯಾಸ್ಕೆಲ್‌ನ ಪಟ್ಟಿಯಲ್ಲಿ ಎಲ್ಲ ಬೆಲೆಗಳೂ ಒಂದೇ ಟೈಪಿನವಾಗಿರಬೇಕಾದ್ದರಿಂದ ಇದಕ್ಕೆ ಅಸ್ತಿತ್ವವಾಚಕ ಟೈಪ್ ಎಂಬ ವಿಶೇಷ ಸೌಲಭ್ಯ ಬೇಕಾಗುತ್ತದೆ. ಕಾರಣ ಯಂತ್ರದ ಮಟ್ಟದಲ್ಲಿದೆ. ಜಾವಾದ ವಸ್ತು ತನ್ನ ಮೆಥಡ್‌ಗಳ ಕೋಷ್ಟಕದ ವಿಳಾಸವನ್ನು ತನ್ನೊಂದಿಗೇ ಹೊತ್ತು ತಿರುಗುತ್ತದೆ. ಹ್ಯಾಸ್ಕೆಲ್‌ನಲ್ಲಿ ಆ ಕೋಷ್ಟಕವು ಬೆಲೆಯಿಂದ ಬೇರೆಯಾಗಿ, ಫಂಕ್ಷನ್ನಿಗೆ ಕಂಪೈಲರ್ ಗುಟ್ಟಾಗಿ ಕೊಡುವ ಒಂದು ಹೆಚ್ಚುವರಿ ಆರ್ಗ್ಯುಮೆಂಟ್ ಆಗಿ ಸಾಗುತ್ತದೆ. ಮೇಲೆ ಹೇಳಿದ ಬಹುತೇಕ ವ್ಯತ್ಯಾಸಗಳು ಈ ಒಂದು ಸಂಗತಿಯಿಂದ ಹುಟ್ಟಿದವು.

ಸಾಲು ಮತ್ತು ಕಾಲಂ: ಅಭಿವ್ಯಕ್ತಿ ಸಮಸ್ಯೆ

ಒಂದು ಕೋಷ್ಟಕವನ್ನು ಕಲ್ಪಿಸಿಕೊಳ್ಳಬಹುದು. ಸಾಲುಗಳಲ್ಲಿ ಖುಷ್ಕಿ, ತರಿ, ಬಾಗಾಯತು. ಕಾಲಂಗಳಲ್ಲಿ ಆಕಾರದ ಲೆಕ್ಕ, ಪಹಣಿ ಮುದ್ರಣ, ಬೆಳೆ ಸಮೀಕ್ಷೆ. ಒಟ್ಟು 9 ಮನೆಗಳು, ಪ್ರತಿ ಮನೆಗೂ ಕೆಲವು ಸಾಲು ಕೋಡ್ ಬರೆಯಬೇಕು. ಬರೆಯಬೇಕಾದ ಕೋಡ್ ಎರಡೂ ಪದ್ಧತಿಗಳಲ್ಲಿ ಅಷ್ಟೇ, ಅದನ್ನು ಕಟ್ಟುಗಟ್ಟುವ ಬಗೆ ಬೇರೆ. ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯು ಸಾಲಿಗೊಂದು ಕಟ್ಟು ಮಾಡುತ್ತದೆ: ಖುಷ್ಕಿ ಎಂಬ ಕ್ಲಾಸಿನಲ್ಲಿ ಖುಷ್ಕಿಯ 3 ಕ್ರಿಯೆಗಳೂ ಇರುತ್ತವೆ. ಫಂಕ್ಷನಲ್ ಪದ್ಧತಿಯು ಕಾಲಮಿಗೊಂದು ಕಟ್ಟು ಮಾಡುತ್ತದೆ:

ಫಂಕ್ಷನ್ ಮುದ್ರಣ (ಜ : ಜಮೀನು) =
  ಜ ನೋಡಿ
    ಖುಷ್ಕಿ (ವಿ) ಆದರೆ ...
    ತರಿ (ವಿ, ನೀರು) ಆದರೆ ...
    ಬಾಗಾಯತು (ವಿ, ನೀರು, ಮರಗಳು) ಆದರೆ ...

ಹೊಸ ಕಾಲಂ ಸೇರಿಸುವುದು ಫಂಕ್ಷನಲ್ ಪದ್ಧತಿಯಲ್ಲಿ ಸುಲಭ, ಹೊಸ ಫಂಕ್ಷನ್ ಬರೆದರೆ ಸಾಕು, ಹಳೆಯ ಕೋಡನ್ನು ಮುಟ್ಟಬೇಕಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯಲ್ಲಿ ಪ್ರತಿ ಕ್ಲಾಸನ್ನೂ ತೆರೆದು ಮೆಥಡ್ ಸೇರಿಸಬೇಕು. ಹೊಸ ಸಾಲು ಬಂದಾಗ ಸ್ಥಿತಿ ತಿರುವುಮುರುವು: ಹೊಸ ಕ್ಲಾಸ್ ಬರೆದರೆ ಇಂಟರ್‌ಫೇಸಿನವನಿಗೆ ಕೆಲಸ ಮುಗಿಯಿತು, ಮೊತ್ತ ಟೈಪಿನವನು ಪ್ರತಿ ಫಂಕ್ಷನನ್ನೂ ತಿದ್ದಬೇಕು. ಹಳೆಯ ಕೋಡನ್ನು ಮತ್ತೆ ಕಂಪೈಲ್ ಮಾಡದೆ, ಟೈಪ್ ಸುರಕ್ಷತೆಯನ್ನೂ ಬಿಡದೆ, ಸಾಲು ಮತ್ತು ಕಾಲಂ ಎರಡನ್ನೂ ಸೇರಿಸುವುದು ಹೇಗೆಂಬ ಪ್ರಶ್ನೆಗೆ ವಾಡ್ಲರ್ 1998ರಲ್ಲಿ ಅಭಿವ್ಯಕ್ತಿ ಸಮಸ್ಯೆ ಎಂಬ ಹೆಸರಿಟ್ಟರು. ವೌಟರ್ ಸ್ವಿಯರ್‌ಸ್ಟ್ರಾ 2008ರಲ್ಲಿ ಹ್ಯಾಸ್ಕೆಲ್‌ಗಾಗಿ ಒಂದು ಪರಿಹಾರವನ್ನೂ, ಬ್ರೂನೊ ಒಲಿವೇರಾ ಮತ್ತು ವಿಲಿಯಂ ಕುಕ್ 2012ರಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಿಗಾಗಿ ಇನ್ನೊಂದನ್ನೂ ಪ್ರಕಟಿಸಿದರು. ಎರಡೂ ಸುಂದರವಾಗಿವೆ, ಆದರೆ ಸಾಮಾನ್ಯ ಕಚೇರಿ ತಂತ್ರಾಂಶದಲ್ಲಿ ಅವುಗಳ ಜಟಿಲತೆಗೆ ಸಿಗುವ ಪ್ರತಿಫಲ ಕಡಿಮೆ. 1994ರ ವಿನ್ಯಾಸ ಮಾದರಿಗಳ ಪ್ರಸಿದ್ಧ ಪುಸ್ತಕದಲ್ಲಿ ಬರುವ ವಿಸಿಟರ್ ಮಾದರಿಯು ಸಮಸ್ಯೆಯನ್ನು ಬಿಡಿಸುವುದಿಲ್ಲ. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯೊಳಗೆ ಕಾಲಂ ಪ್ರಕಾರ ಕಟ್ಟುವ ಒಂದು ಬಳಸುದಾರಿಯನ್ನು ಒದಗಿಸುತ್ತದೆ ಅಷ್ಟೆ.

ಆದುದರಿಂದ ಆಯ್ಕೆ ಮಾಡುವಾಗ ಕೇಳಬೇಕಾದ ಪ್ರಶ್ನೆ, ಮುಂದೆ ಬೆಳೆಯುವುದು ಸಾಲೋ ಕಾಲಮೋ ಎಂಬುದು. ಖುಷ್ಕಿ, ತರಿ, ಬಾಗಾಯತು ಎಂಬ ವಿಂಗಡಣೆ ಬಹಳ ಹಳೆಯದು, ಅದು ಬೆಳೆಯುವುದು ಅಪರೂಪ. ಅದರ ಮೇಲಿನ ಕ್ರಿಯೆಗಳಾದರೋ ಪ್ರತಿ ಹೊಸ ಯೋಜನೆಯೊಂದಿಗೆ ಹೆಚ್ಚುತ್ತವೆ. ಇಲ್ಲಿ ಮೊತ್ತ ಟೈಪ್ ಅಥವಾ ಸೀಲ್ಡ್ ಇಂಟರ್‌ಫೇಸ್ ಒಪ್ಪುತ್ತದೆ. ಪಹಣಿ ಪ್ರತಿಯ ಶುಲ್ಕವನ್ನು ಕಟ್ಟುವ ಬಗೆಯನ್ನು ನೋಡಿದರೆ ಚಿತ್ರ ಬೇರೆ. ನಗದು, ಚಲನ್, ಕಾರ್ಡ್, 2016ರಿಂದ ಯುಪಿಐ, ಹೀಗೆ ಬಗೆಗಳು ಹೆಚ್ಚುತ್ತಲೇ ಇವೆ, ಕ್ರಿಯೆಗಳು ಮಾತ್ರ ಹಣ ಪಡೆ, ರಸೀದಿ ಕೊಡು, ಹಿಂದಿರುಗಿಸು ಎಂಬಷ್ಟಕ್ಕೇ ನಿಂತಿವೆ. ಇಲ್ಲಿ ಇಂಟರ್‌ಫೇಸ್ ಸರಿಯಾದ ಸಾಧನ, ಹ್ಯಾಸ್ಕೆಲ್‌ನಲ್ಲಿ ಬರೆಯುವವನೂ ಫಂಕ್ಷನ್‌ಗಳ ರೆಕಾರ್ಡನ್ನೇ ಬಳಸುವುದು ಲೇಸು.

ಸಂಪೂರ್ಣತೆಯ ಪರಿಶೀಲನೆ: ಯಡ್ರಾಮಿಯ ಪ್ರಕರಣ

ಮುಚ್ಚಿದ ಪಟ್ಟಿ ಬೆಳೆದಾಗ ಪ್ರತಿ ಫಂಕ್ಷನನ್ನೂ ತಿದ್ದಬೇಕೆಂಬುದು ದೋಷದಂತೆ ಕಾಣುತ್ತದೆ. ಅದರಲ್ಲಿಯೇ ದೊಡ್ಡದೊಂದು ಲಾಭವಿದೆ. ಯಾವ ಯಾವ ಫಂಕ್ಷನ್‌ಗಳನ್ನು ತಿದ್ದಬೇಕೆಂದು ಕಂಪೈಲರ್ ತಾನೇ ಹುಡುಕಿ ಹೇಳುತ್ತದೆ.

ಯಾದಗಿರಿ ಜಿಲ್ಲೆ 2009ರ ಡಿಸೆಂಬರಿನಲ್ಲಿ ಬೇರೆಯಾದ ಬಳಿಕ ಆಗಿನ ಗುಲಬರ್ಗಾ ಜಿಲ್ಲೆಯಲ್ಲಿ 7 ತಾಲ್ಲೂಕುಗಳು ಉಳಿದವು: ಆಳಂದ, ಅಫಜಲಪುರ, ಚಿಂಚೋಳಿ, ಚಿತ್ತಾಪುರ, ಗುಲಬರ್ಗಾ, ಜೇವರ್ಗಿ, ಸೇಡಂ. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರು ಕಲಬುರಗಿ ಎಂದಾಯಿತು. ಆಮೇಲೆ ಕಾಳಗಿ, ಕಮಲಾಪುರ, ಶಹಾಬಾದ, ಯಡ್ರಾಮಿ ಎಂಬ 4 ಹೊಸ ತಾಲ್ಲೂಕುಗಳು ಸೇರಿ ಸಂಖ್ಯೆ 11ಕ್ಕೆ ಏರಿತು. ಯಡ್ರಾಮಿ ರೂಪುಗೊಂಡದ್ದು ಜೇವರ್ಗಿ ತಾಲ್ಲೂಕಿನಿಂದ. ತಾಲ್ಲೂಕುಗಳನ್ನು ಮೊತ್ತ ಟೈಪಾಗಿ ಬರೆದ ಒಂದು ಕಾಲ್ಪನಿಕ ಪ್ರೋಗ್ರಾಮಿನಲ್ಲಿ ಅರ್ಜಿಯನ್ನು ಯಾವ ಕಚೇರಿಗೆ ಕಳುಹಿಸಬೇಕೆಂದು ನಿರ್ಧರಿಸುವ ಫಂಕ್ಷನ್ ಇದೆಯೆನ್ನೋಣ. ಟೈಪಿಗೆ 'ಯಡ್ರಾಮಿ' ಎಂದು ಸೇರಿಸಿದ ಕೂಡಲೇ ಆ ಪ್ರಕರಣವನ್ನು ನಿಭಾಯಿಸದ ಪ್ರತಿ ಫಂಕ್ಷನ್ನಿನತ್ತ ಕಂಪೈಲರ್ ಬೆರಳು ತೋರಿಸುತ್ತದೆ. ರಸ್ಟ್‌ನಲ್ಲಿ ಇದು ತಪ್ಪು, ಪ್ರೋಗ್ರಾಮ್ ಕಂಪೈಲ್ ಆಗುವುದಿಲ್ಲ. 2023ರ ಜಾವಾ 21ರಲ್ಲಿ ಸೀಲ್ಡ್ ಇಂಟರ್‌ಫೇಸಿನ ಮೇಲೆ ಬರೆದ ಸ್ವಿಚ್ ಪ್ಯಾಟರ್ನ್‌ಗೂ ಹಾಗೆಯೇ. ಒಕ್ಯಾಮಲ್ ಎಚ್ಚರಿಕೆ ನೀಡುತ್ತದೆ. ಹ್ಯಾಸ್ಕೆಲ್‌ನಲ್ಲಿ ಎಚ್ಚರಿಕೆಯ ಆಯ್ಕೆಯನ್ನು ನಾವೇ ಚಾಲೂ ಮಾಡಬೇಕು, ಇಲ್ಲವಾದರೆ ಪ್ರೋಗ್ರಾಮ್ ಓಡುವಾಗ ಮುರಿದುಬೀಳುವವರೆಗೆ ವಿಷಯ ತಿಳಿಯುವುದಿಲ್ಲ.

ಈ ರಕ್ಷಣೆಯನ್ನು ಒಂದೇ ಸಾಲಿನಲ್ಲಿ ಕಳೆದುಕೊಳ್ಳಬಹುದು. "ಉಳಿದುದೆಲ್ಲಕ್ಕೂ ಹೀಗೆ" ಎಂಬ ಕೊನೆಯ ಶಾಖೆಯನ್ನು ಫಂಕ್ಷನ್ನಿನಲ್ಲಿ ಬರೆದಿದ್ದರೆ ಕಂಪೈಲರಿಗೆ ದೂರು ಹೇಳಲು ಕಾರಣವೇ ಇರುವುದಿಲ್ಲ. ಪ್ರೋಗ್ರಾಮ್ ಮುರಿಯುವುದೂ ಇಲ್ಲ. ಯಡ್ರಾಮಿಯ ಅರ್ಜಿಗಳು ಸದ್ದಿಲ್ಲದೆ ಆ ಶಾಖೆಯಲ್ಲಿ ಬರೆದ ಕಚೇರಿಗೆ ಹೋಗುತ್ತಿರುತ್ತವೆ, ಅರ್ಜಿದಾರನು ತನ್ನದಲ್ಲದ ಕಚೇರಿಯ ಮುಂದೆ ಸರದಿಯಲ್ಲಿ ನಿಲ್ಲುತ್ತಾನೆ. ಮೊತ್ತ ಟೈಪನ್ನು ಬಳಸಿಯೂ ಅಂತಹ ಶಾಖೆಯನ್ನು ಬರೆಯುವ ಅಭ್ಯಾಸವುಳ್ಳವರು ಟೈಪಿನ ಪ್ರಯೋಜನದ ಬಹುಪಾಲನ್ನು ಬಿಟ್ಟುಕೊಟ್ಟಂತೆ.

ತಾಲ್ಲೂಕುಗಳ ಪಟ್ಟಿಯನ್ನು ಟೈಪಿನಲ್ಲಿಯೇ ಇಡಬೇಕೇ, ದತ್ತಸಂಚಯದಲ್ಲಿ ಇಡಬೇಕೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಪ್ರತಿ ತಾಲ್ಲೂಕಿಗೂ ನಿಯಮ ಒಂದೇ ಆಗಿದ್ದು ವಿಳಾಸ ಮಾತ್ರ ಬೇರೆಯಾಗಿದ್ದರೆ ದತ್ತಸಂಚಯವೇ ಸರಿ. ಪ್ರಕರಣದಿಂದ ಪ್ರಕರಣಕ್ಕೆ ತರ್ಕವೇ ಬೇರೆಯಾಗುವಲ್ಲಿ ಟೈಪ್ ಬೇಕು.

ಗುರುತು ಮತ್ತು ಬದಲಾವಣೆ

ಜಾವಾದ ವಸ್ತುವಿಗೆ ತನ್ನದೇ ಆದ ಗುರುತಿದೆ. ಒಂದೇ ಒಳವಿವರವುಳ್ಳ ಎರಡು ವಸ್ತುಗಳು ಎರಡೇ, ಒಂದರ ಫೀಲ್ಡ್ ಬದಲಿಸಿದರೆ ಅದನ್ನು ಹಿಡಿದಿರುವ ಎಲ್ಲರಿಗೂ ಬದಲಾವಣೆ ಕಾಣುತ್ತದೆ. ಫಂಕ್ಷನಲ್ ಭಾಷೆಯ ಬೆಲೆ ಬದಲಾಗುವುದಿಲ್ಲ, ಬದಲಾದ ವಿವರವುಳ್ಳ ಹೊಸ ಬೆಲೆಯನ್ನು ಕಟ್ಟಲಾಗುತ್ತದೆ. ಸ್ಥಳದಲ್ಲಿಯೇ ಬದಲಿಸುವುದಕ್ಕೆ ಪ್ರೋಗ್ರಾಮಿಂಗ್‌ನಲ್ಲಿ ಮ್ಯುಟೇಷನ್ ಎನ್ನುತ್ತಾರೆ. ಕಂದಾಯ ಕಚೇರಿಯಲ್ಲಿಯೂ ಹಕ್ಕು ಬದಲಾವಣೆಗೆ ಇದೇ ಮ್ಯುಟೇಷನ್ ಎಂಬ ಪದ ರೂಢಿಯಲ್ಲಿದೆ, ಆದರೆ ಅಲ್ಲಿ ನಡೆಯುವುದು ಫಂಕ್ಷನಲ್ ಪದ್ಧತಿಗೆ ಹತ್ತಿರವಾದದ್ದು. ಮ್ಯುಟೇಷನ್ ರಿಜಿಸ್ಟರಿನಲ್ಲಿ ಪ್ರತಿ ಬದಲಾವಣೆಗೂ ಸಂಖ್ಯೆಯುಳ್ಳ ಹೊಸ ನಮೂದು ಬರುತ್ತದೆ, ಹಳೆಯದು ಅಳಿಯುವುದಿಲ್ಲ. ಇಂದಿನ ಹಕ್ಕುದಾರ ಯಾರೆಂಬುದನ್ನು ಆ ನಮೂದುಗಳ ಸರಣಿಯಿಂದ ತಿಳಿಯಬಹುದು.

ಇತಿಹಾಸ ಮತ್ತು ಬಳಕೆ

ಕ್ಲಾಸ್ ಎಂಬ ಕಲ್ಪನೆ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಿಂದ ಬಂದಿತು. ಫಂಕ್ಷನಲ್ ಟೈಪ್ ವ್ಯವಸ್ಥೆಯ ಮೂಲ 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಸಂಗಡಿಗರು ಕಟ್ಟಿದ ಎಂಎಲ್ ಭಾಷೆಯಲ್ಲಿದೆ. ಬೀಜಗಣಿತೀಯ ಟೈಪ್‌ಗಳು ಅದೇ ಊರಿನ ಹೋಪ್ ಭಾಷೆಯಲ್ಲಿ 1980ರಲ್ಲಿ ಸ್ಪಷ್ಟ ರೂಪ ಪಡೆದವು. ಹ್ಯಾಸ್ಕೆಲ್‌ನ ಮೊದಲ ವ್ಯಾಖ್ಯೆ 1990ರದು.

ಕರ್ನಾಟಕದಲ್ಲಿ ಜನರು ನಿತ್ಯ ಬಳಸುವ ಹ್ಯಾಸ್ಕೆಲ್ ತಂತ್ರಾಂಶಕ್ಕೆ ಬೆಂಗಳೂರಿನಲ್ಲಿ 2022ರಲ್ಲಿ ಆರಂಭವಾದ 'ನಮ್ಮ ಯಾತ್ರಿ' ಆಟೋ ಆ್ಯಪ್ ಉದಾಹರಣೆ. ಜಸ್‌ಪೇ ಸಂಸ್ಥೆ ರೂಪಿಸಿದ ಇದರ ಸರ್ವರ್ ಭಾಗವು ಮುಖ್ಯವಾಗಿ ಹ್ಯಾಸ್ಕೆಲ್‌ನಲ್ಲಿದ್ದು, ಮೂಲ ಕೋಡ್ ಮುಕ್ತವಾಗಿ ಲಭ್ಯವಿದೆ. ಸವಾರಿಯ ಸ್ಥಿತಿಗಳಂತಹ ಮುಚ್ಚಿದ ಪಟ್ಟಿಗಳನ್ನು ದೊಡ್ಡ ಪ್ರೋಗ್ರಾಮಿನಲ್ಲಿ ಹೇಗೆ ಬರೆಯುತ್ತಾರೆಂದು ನೋಡಬಯಸುವ ವಿದ್ಯಾರ್ಥಿಗಳು ಅದನ್ನು ಓದಬಹುದು.